ಬರೋಡದ ಪ್ರಬಂಧ, ಬಾಸೆಲ್‌ನ ಮೊಲ

1953ರಲ್ಲಿ ಬರೋಡದಲ್ಲಿ ಗುಜರಾತ್-ಸೌರಾಷ್ಟ್ರ ಪ್ರಾಂತೀಯ ವೈದ್ಯಕೀಯ ಸಮ್ಮೇಳನ ನಡೆಯಿತು. ಅಹಮದಾಬಾದಿನ ಡಾ. ಆರ್. ಎ. ಹಕೀಮ್ ಅಲ್ಲೊಂದು ಪ್ರಬಂಧ ಮಂಡಿಸಿದರು. ಮಾನಸಿಕ ಕಾಯಿಲೆಗಳಿಗೆ ದೇಶೀ ಔಷಧಿಗಳು ಎಂಬುದು ಅದರ ವಿಷಯ. ಅವುಗಳಲ್ಲಿ ಮುಖ್ಯವಾದದ್ದು ಸರ್ಪಗಂಧಿ, ಕನ್ನಡದ ಹಳಬರು ಸೂತ್ರನಾಭಿ ಎನ್ನುವ ಬೇರು. ಹಕೀಮರ ಕೆಲಸದ ಸುದ್ದಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂತು. ಅದು ರಾಕ್‌ಲ್ಯಾಂಡ್ ಸ್ಟೇಟ್ ಆಸ್ಪತ್ರೆಯ ನೇಥನ್ ಕ್ಲೈನ್ ಅವರ ಗಮನ ಸೆಳೆಯಿತು. ಅವರು ತಮ್ಮ ರೋಗಿಗಳ ಮೇಲೆ ಇದನ್ನು ಪ್ರಯೋಗಿಸಿ 1954ರಲ್ಲಿ ಫಲಿತಾಂಶ ಪ್ರಕಟಿಸಿದರು.

ಔಷಧ ಮೊದಲು ಇಲಿಗೆ, ಆಮೇಲೆ ಮನುಷ್ಯನಿಗೆ ಎಂಬ ಕ್ರಮ ನಮಗೆ ರೂಢಿ. ಸರ್ಪಗಂಧಿಯ ಕಥೆಯಲ್ಲಿ ಅದು ತಿರುಗುಮುರುಗು. ಹುಚ್ಚಿಗೂ ರಕ್ತದೊತ್ತಡಕ್ಕೂ ಈ ಬೇರು ಕೆಲಸ ಮಾಡುತ್ತದೆಂದು ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ 1931ರಲ್ಲೇ ಬರೆದಿದ್ದರು. ಅದೇ ವರ್ಷ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಅದರ ಕ್ಷಾರಾಭಗಳನ್ನು ಬೇರ್ಪಡಿಸಿ, ಒಂದಕ್ಕೆ ಹಕೀಮ್ ಅಜ್ಮಲ್ ಖಾನರ ನೆನಪಿಗೆ ಅಜ್ಮಲೀನ್ ಎಂದು ಹೆಸರಿಟ್ಟರು. 1949ರಲ್ಲಿ ಮುಂಬಯಿಯ ರುಸ್ತುಮ್ ಜಾಲ್ ವಕೀಲರು ರಕ್ತದೊತ್ತಡದ ರೋಗಿಗಳ ಅನುಭವವನ್ನು ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು.

1952ರಲ್ಲಿ ಬಾಸೆಲ್‌ನ ಸೀಬಾ ಕಂಪನಿ ಈ ಬೇರಿನಿಂದ ರಿಸರ್ಪೀನ್ ತೆಗೆಯಿತು. ಅಲ್ಲಿ ಹ್ಯೂಗೋ ಬೈನ್ ಪ್ರಾಣಿಗಳಲ್ಲಿ ಒಂದು ವ್ಯತ್ಯಾಸ ಕಂಡರು: ಅವು ಸುಮ್ಮನಾಗುತ್ತಿದ್ದವು, ಆದರೆ ನಿದ್ದೆಮಾತ್ರೆ ಕೊಟ್ಟಾಗಿನಂತೆ ಮೈಮರೆಯುತ್ತಿರಲಿಲ್ಲ, ತಟ್ಟಿದರೆ ಎಚ್ಚರಗೊಳ್ಳುತ್ತಿದ್ದವು. ಈ ಗುಣವನ್ನು ಹೇಳಲು ಸೀಬಾದ ಯಾಂಕ್‌ಮನ್ 1953ರಲ್ಲಿ ಟ್ರ್ಯಾಂಕ್ವಿಲೈಸರ್ ಎಂಬ ಪದ ಬಳಸಿದರು. ನಿದ್ರಾಜನಕಕ್ಕೂ ಶಾಮಕಕ್ಕೂ ನಡುವಿನ ಗೆರೆ ಹೀಗೆ ಸ್ಪಷ್ಟವಾಯಿತು.

ಆದರೆ ಸುಮ್ಮನಿರುವ ಪ್ರಾಣಿಯ ಒಳಗೆ ಏನಾಗಿದೆ? 1957ರಲ್ಲಿ ಸ್ವೀಡನ್ನಿನ ಆರ್ವಿದ್ ಕಾರ್ಲ್‌ಸನ್ ರಿಸರ್ಪೀನಿನಿಂದ ಅಲುಗಾಡದೆ ಕೂತ ಮೊಲಗಳಿಗೆ ಎಲ್-ಡೋಪಾ ಕೊಟ್ಟರು. ಅವು ಎದ್ದು ಓಡಾಡಿದವು. ಮಿದುಳಿನ ಡೋಪಮೀನ್ ಬರಿದಾದದ್ದೇ ಆ ನಿಶ್ಚಲತೆಗೆ ಕಾರಣವಾಗಿತ್ತು. ಈ ದಾರಿ ಪಾರ್ಕಿನ್ಸನ್ ಕಾಯಿಲೆಯ ಚಿಕಿತ್ಸೆಗೆ, 2000ದ ನೊಬೆಲ್‌ಗೆ ಮುಟ್ಟಿತು. ರಿಸರ್ಪೀನ್ ಪಡೆದ ಕೆಲವು ರೋಗಿಗಳಲ್ಲಿ ಖಿನ್ನತೆ ಕಂಡ ವರದಿಗಳೂ ಆ ದಶಕದಲ್ಲೇ ಬಂದವು.

ಇಂದು ಅಹಮದಾಬಾದ್, ವಡೋದರಾ, ಸೂರತ್‌ನಂಥ ಊರುಗಳ ಫಾರ್ಮಸಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಇಂಥ ಪರೀಕ್ಷೆ ಪಠ್ಯದ ಮಾತು. ಇಲಿಗೆ ಸಸ್ಯದ ಸಾರ ಕೊಟ್ಟು, ಬಳಿಕ ಬಾರ್ಬಿಟ್ಯುರೇಟ್ ಕೊಡುತ್ತಾರೆ. ಬೆನ್ನ ಮೇಲೆ ಮಲಗಿಸಿದ ಇಲಿ ತಾನೇ ಮಗುಚಿಕೊಳ್ಳುವವರೆಗಿನ ಹೊತ್ತೇ ನಿದ್ದೆಯ ಅಳತೆ. ತಿರುಗುವ ಕೋಲಿನಿಂದ ಎಷ್ಟು ಹೊತ್ತಿಗೆ ಬೀಳುತ್ತದೆಂದೂ ನೋಡುತ್ತಾರೆ. ಇದಕ್ಕೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಒಂದೇ ಪರೀಕ್ಷೆಯನ್ನು ನಂಬುವಂತಿಲ್ಲ: ಸ್ನಾಯು ಸೋತರೂ ಇಲಿ ಬೀಳುತ್ತದೆ, ಯಕೃತ್ತು ಬಾರ್ಬಿಟ್ಯುರೇಟನ್ನು ನಿಧಾನವಾಗಿ ಕರಗಿಸಿದರೂ ನಿದ್ದೆ ಉದ್ದವಾಗುತ್ತದೆ, ವಿಷವೇರಿದರೂ ಪ್ರಾಣಿ ಸುಮ್ಮನಾಗುತ್ತದೆ.

1957ರ ಲಾಸ್ಕರ್ ಪ್ರಶಸ್ತಿ ಪಡೆದವರಲ್ಲಿ ಕ್ಲೈನ್ ಮತ್ತು ವಕೀಲರಿದ್ದರು, ಹಕೀಮ್ ಇರಲಿಲ್ಲ. ರೋಗಿಯ ಮನಸ್ಸು ತಿಳಿಯಾಯಿತೇ ಎಂಬುದನ್ನು ಇಲಿ ಹೇಳಲಾರದು. ಅದನ್ನು ರೋಗಿಯ ಪಕ್ಕದಲ್ಲಿ ಕೂತು ಕಂಡವರಲ್ಲಿ ಅಹಮದಾಬಾದಿನ ಈ ವೈದ್ಯರೂ ಒಬ್ಬರು.