ಅಳೆಯುವುದು ಮತ್ತು ತೂಗುವುದು: ಬಳ್ಳಾರಿ ಸೀಮೆಯ ದಾಸೋಹದಲ್ಲಿ ಧಾನ್ಯಮಾನ

‘ಅಳೆದು ತೂಗಿ’ ಎಂಬುದು ಕನ್ನಡದ ಜೋಡುನುಡಿ. ಇದರ ಎರಡು ಪದಗಳಿಗೂ ಒಂದೇ ಅರ್ಥವೆಂದು ಭಾವಿಸುವುದುಂಟು. ಆದರೆ ಅಳೆಯುವುದು ಪಾತ್ರೆಯ ಕೆಲಸ, ತೂಗುವುದು ತಕ್ಕಡಿಯ ಕೆಲಸ. ಪದಾರ್ಥವು ತುಂಬುವ ಎಡೆಯನ್ನು ಮೊದಲನೆಯದು ತಿಳಿಸಿದರೆ, ಅದರ ಭಾರವನ್ನು ಎರಡನೆಯದು ತಿಳಿಸುತ್ತದೆ. ಈ ಭೇದವನ್ನು ಮರೆತರೆ ದಾಸೋಹದ ಪಂಕ್ತಿಯ ಅನ್ನವೇ ಕೆಡುವುದು.

ನಾಡಿನ ಶಾಸನಗಳಲ್ಲಿ ನೈವೇದ್ಯದ ಅಕ್ಕಿಗೆ ಮಾನ, ಬಳ್ಳ, ಕೊಳಗಗಳೂ ನಂದಾದೀಪದ ಎಣ್ಣೆಗೆ ಸೊಲ್ಲಗೆಯೂ ಹೇಳಲ್ಪಟ್ಟಿವೆ. 20 ಕೊಳಗಕ್ಕೆ ಒಂದು ಖಂಡುಗ. ಬಿತ್ತುವ ಬೀಜದ ಅಳತೆಯಿಂದಲೇ ಗದ್ದೆಯ ವಿಸ್ತಾರವನ್ನೂ ಹೇಳುತ್ತಿದ್ದರು. 12ನೆಯ ಶತಮಾನದಲ್ಲಿ ಸಿಂದ ಅರಸರ ರಾಜಧಾನಿಯಾಗಿದ್ದ ಕುರುಗೋಡು, ತುಂಗಭದ್ರೆಯ ನೀರುಂಡ ಸಿರುಗುಪ್ಪ ಇವೆರಡೂ ಈ ಅಳತೆಯ ಲೋಕಕ್ಕೆ ಸೇರಿದವು. ಕಾಳುಕಡಿಗೆ ಅಳತೆ, ಬೆಲ್ಲ ಹುಣಿಸೆಗಳಿಗೆ ತೂಕ ಎಂಬುದು ಬಹುಕಾಲ ಬಳಕೆಯಲ್ಲಿದ್ದ ಪದ್ಧತಿ. ಆದಕಾರಣ ಗೋಧಿ ಹುಗ್ಗಿಯ ಒಂದೇ ಹಂಡೆಯಲ್ಲಿ ಅಳೆದ ಗೋಧಿಯೂ ತೂಗಿದ ಬೆಲ್ಲವೂ ಕೂಡುತ್ತಿದ್ದವು.

ತೊಡಕಿಗೆ ಮೂಲ ‘ಸೇರು’ ಎಂಬ ಹೆಸರು. ಅದು ಪಾತ್ರೆಯ ಹೆಸರೂ ಹೌದು, ತೂಕದ ಹೆಸರೂ ಹೌದು. ತೂಕದ ಸೇರೂ ಒಂದೇ ಆಗಿರಲಿಲ್ಲ. 80 ತೊಲೆಯ ಸೇರು 933 ಗ್ರಾಂ ಆದರೆ, 24 ತೊಲೆಯ ಕಚ್ಚಾ ಸೇರು ಕೇವಲ 280 ಗ್ರಾಂ. ಮಣದ ಗತಿಯೂ ಇದೇ. ಮದರಾಸಿನ ಮಣ 25 ಪೌಂಡು. ಬಂಗಾಳದ ಮಣ 82 ಪೌಂಡಿಗೂ ಮಿಗಿಲು. ಬಳ್ಳಾರಿಯು 1953ರ ಅಕ್ಟೋಬರ್ 1ರಂದು ಮದರಾಸಿನಿಂದ ಬೇರ್ಪಟ್ಟು ಮೈಸೂರು ರಾಜ್ಯವನ್ನು ಸೇರಿತು. ಅದಾದ ಮೂರು ವರ್ಷಗಳಲ್ಲೇ, 1956ರಲ್ಲಿ, ತೂಕ ಮತ್ತು ಅಳತೆಗಳ ಕಾಯಿದೆ ಬಂದಿತು. 1958ರ ಅಕ್ಟೋಬರಿನಿಂದ ಕಿಲೋಗ್ರಾಂ ಹಂತಹಂತವಾಗಿ ಅಂಗಡಿಗಳನ್ನು ಹೊಕ್ಕಿತು. ಪೇಟೆ ಬದಲಾದರೂ ಅಡುಗೆಯವರ ನೆನಪಿನಲ್ಲಿ ಸೇರೇ ಉಳಿಯಿತು.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ಒಂದು ಲೀಟರಿನ ಪಾತ್ರೆಯಲ್ಲಿ ನೀರು 1,000 ಗ್ರಾಂ ತೂಗುತ್ತದೆ. ಅಕ್ಕಿ ಸುಮಾರು 800, ಜೋಳ ಸುಮಾರು 750, ಎಣ್ಣೆ ಸುಮಾರು 920, ಪುಡಿಯುಪ್ಪು ಸುಮಾರು 1,200 ಗ್ರಾಂ. ಮಂಡಕ್ಕಿಯಾದರೋ 100 ಗ್ರಾಂ ಕೂಡ ತೂಗದು. ‘ಒಂದಕ್ಕೆ ಎರಡು ನೀರು’ ಎಂಬ ಹಿರಿಯರ ಮಾತು ಪಾತ್ರೆಯ ಮಾತು. ಒಂದು ಕಿಲೋ ಅಕ್ಕಿ ಸುಮಾರು ಒಂದೂಕಾಲು ಲೀಟರಿನ ಎಡೆ ತುಂಬುವುದರಿಂದ ಅದಕ್ಕೆ ಎರಡೂವರೆ ಲೀಟರು ನೀರು ಬೇಕು. ಪಂಕ್ತಿಗೆಂದು 50 ಕಿಲೋ ಅಕ್ಕಿ ತೂಗಿ 100 ಲೀಟರು ನೀರಿಟ್ಟವನು 25 ಲೀಟರು ಕಡಿಮೆ ಇಟ್ಟಂತಾಯಿತು. ಅಕ್ಕಿ ಹಳೆಯದಾದರೆ ನೀರು ಇನ್ನೂ ಬೇಕು. ಸೇರನ್ನು ರಾಶಿಯೇರಿಸಿ ಅಳೆದರೊಂದು ಲೆಕ್ಕ, ಅಂಚಿಗೆ ಸಮವಾಗಿ ಒರೆಸಿ ಅಳೆದರೆ ಮತ್ತೊಂದು.

ಶರಣರ ಪರಂಪರೆಯಲ್ಲಿ ಪ್ರಮಾಣಜ್ಞಾನವು ಅಡುಗೆಮನೆಯ ಜಾಣ್ಮೆಯಷ್ಟೇ ಆಗಿರಲಿಲ್ಲ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಕೂಡಲೇ ಗುರುತಿಸಿ, ಹೆಚ್ಚಿನದನ್ನು ತಂದಲ್ಲಿಗೇ ಹಿಂದಿರುಗಿಸಲು ಹೇಳಿದ ಪ್ರಸಂಗ ಸುಪ್ರಸಿದ್ಧ. ನಿತ್ಯದ ಪ್ರಮಾಣ ಕೈಗೆ ತಿಳಿದಿದ್ದುದರಿಂದಲೇ ಮಿಕ್ಕುದು ಕಣ್ಣಿಗೆ ಬಿತ್ತು. ದಾಸೋಹದಲ್ಲಿ ಕೊರತೆಯಾದರೆ ಹಸಿದವನಿಗೆ ಅನ್ಯಾಯ. ಮಿಕ್ಕು ಹಳಸಿದರೆ ಕೊಟ್ಟವನ ಕಾಯಕಕ್ಕೆ ಅನ್ಯಾಯ.

ಆದುದರಿಂದ ಹಳೆಯ ಸೇರನ್ನು ಎಸೆಯಬೇಕಾಗಿಲ್ಲ. ಅದನ್ನೇ ಒಂದು ಕಿಲೋ ಎಂದು ಎಣಿಸಲೂ ಬಾರದು. ಮಠದ ಅಥವಾ ಮನೆಯ ಸೇರಿನಲ್ಲಿ ಅಕ್ಕಿ, ಜೋಳ, ಬೇಳೆ, ರವೆಗಳನ್ನು ಪ್ರತ್ಯೇಕವಾಗಿ ಒರೆಸಿ ಅಳೆದು, ಒಂದೊಂದನ್ನೂ ತೂಗಿ, ಆ ಅಂಕಿಗಳನ್ನು ಉಗ್ರಾಣದ ಗೋಡೆಯ ಮೇಲೆ ಬರೆದಿಡುವುದು ಉಚಿತ. ಆಗ ಹಿರಿಯರ ಸೇರಿನ ಲೆಕ್ಕವೂ ಇಂದಿನ ಕಿಲೋ ಲೆಕ್ಕವೂ ಒಂದೇ ಹಂಡೆಯಲ್ಲಿ ಹೊಂದಿಕೊಳ್ಳುವವು.