ಮೀನಿನ ದೇಹರಚನೆ, ಈಜು ಮತ್ತು ಉಸಿರಾಟ: ಮೀನು ಕೃಷಿಕರಿಗೆ ಮಾಹಿತಿ

ಪಾಂಡವಪುರ, ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳಲ್ಲಿ ಮೀನು ಸಾಕಣೆ ಕೈಗೊಳ್ಳಲಿಚ್ಛಿಸುವವರು ಮೀನಿನ ದೇಹರಚನೆಯನ್ನು ಅರಿತಿರುವುದು ಅವಶ್ಯಕ. ಬೆಳಗಾಗುವುದರೊಳಗೆ ಕೆರೆಯ ಮೀನುಗಳು ಒಟ್ಟಾಗಿ ಸಾಯುವುದಕ್ಕೆ ಅನೇಕ ವೇಳೆ ಆಮ್ಲಜನಕದ ಕೊರತೆಯೇ ಕಾರಣವಾಗಿರುತ್ತದೆ.

ಈಜು
ಗೆಂಡೆ ಜಾತಿಯ ಮೀನುಗಳಿಗೆ ಮೂಳೆಯ ಅಸ್ಥಿಪಂಜರವಿದ್ದು, ಹೊಟ್ಟೆಯೊಳಗಿನ ಗಾಳಿಚೀಲವು ಅವು ಮುಳುಗದಂತೆ ತಡೆಯುತ್ತದೆ. ಸಮುದ್ರದ ಶಾರ್ಕ್‌ಗಳ ಅಸ್ಥಿಪಂಜರ ಮೃದ್ವಸ್ಥಿಯದು, ಗಾಳಿಚೀಲವಿಲ್ಲ. ಎಣ್ಣೆ ತುಂಬಿದ ದೊಡ್ಡ ಯಕೃತ್ತು ಮತ್ತು ಅಗಲವಾದ ಎದೆಯ ಈಜುರೆಕ್ಕೆಗಳು ಅವುಗಳಿಗೆ ಆಧಾರ.

ದೇಹರಚನೆಗೆ ತಕ್ಕಂತೆ ಆಹಾರದ ನೆಲೆಯೂ ಬೇರೆಯಾಗುತ್ತದೆ. ಮೇಲ್ಮುಖವಾದ ಬಾಯಿಯುಳ್ಳ ಕಾಟ್ಲಾ ಮೇಲ್ಪದರದಲ್ಲಿ, ರೋಹು ಮಧ್ಯಪದರದಲ್ಲಿ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ ಮೇಯುತ್ತವೆ. ಆದ್ದರಿಂದಲೇ ಇವುಗಳನ್ನು ಒಂದೇ ಕೆರೆಯಲ್ಲಿ ಮಿಶ್ರತಳಿಯಾಗಿ ಸಾಕಲಾಗುತ್ತದೆ.

ಉಸಿರಾಟ
ಗೆಂಡೆ ಮೀನು ಬಾಯಿಯಿಂದ ನೀರನ್ನು ಒಳಗೆಳೆದು, ಕಿವಿರುಗಳ ಮೂಲಕ ಹಾಯಿಸಿ, ಕಿವಿರು ಮುಚ್ಚಳದಿಂದ ಹೊರಬಿಡುತ್ತದೆ. ಹೀಗಾಗಿ ನಿಂತಲ್ಲೇ ಉಸಿರಾಡಬಲ್ಲದು. ಶಾರ್ಕ್‌ಗಳಿಗೆ ಮುಚ್ಚಳವಿಲ್ಲ, ಪ್ರತಿ ಬದಿಯಲ್ಲಿ 5ರಿಂದ 7 ಕಿವಿರು ಸೀಳುಗಳಿರುತ್ತವೆ. ವೇಗವಾಗಿ ಈಜುವ ಕೆಲವು ಶಾರ್ಕ್‌ಗಳು ಉಸಿರಾಟಕ್ಕಾಗಿ ಸದಾ ಈಜುತ್ತಿರಬೇಕು. ತಳದಲ್ಲಿ ವಿಶ್ರಮಿಸುವ ಜಾತಿಗಳು ನೀರನ್ನು ಒಳಗೆಳೆದುಕೊಳ್ಳುತ್ತವೆ.

ಕೆರೆಯ ಸಸ್ಯ ಮತ್ತು ಪಾಚಿಗಳು ಹಗಲಿನಲ್ಲಿ ಆಮ್ಲಜನಕ ಬಿಡುಗಡೆ ಮಾಡಿ, ರಾತ್ರಿ ಬಳಸಿಕೊಳ್ಳುತ್ತವೆ. ಆದುದರಿಂದ ಸೂರ್ಯೋದಯಕ್ಕೆ ಮುನ್ನ ಅದರ ಪ್ರಮಾಣ ಅತಿ ಕಡಿಮೆಯಿರುತ್ತದೆ. ಮೋಡ ಕವಿದ ದಿನಗಳಲ್ಲಿ ಹಾಗೂ ಬೇಸಿಗೆಯಲ್ಲಿ ಅಪಾಯ ಹೆಚ್ಚು. ಗೆಂಡೆ ಮೀನುಗಳ ಉತ್ತಮ ಬೆಳವಣಿಗೆಗೆ ಪ್ರತಿ ಲೀಟರ್ ನೀರಿನಲ್ಲಿ ಕನಿಷ್ಠ 5 ಮಿಲಿಗ್ರಾಂ ಕರಗಿದ ಆಮ್ಲಜನಕವಿರುವುದು ಸೂಕ್ತ.

ಕೃಷಿಕರ ಗಮನಕ್ಕೆ
1. ಮುಂಜಾನೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದಲ್ಲಿ ಆಹಾರ ಮತ್ತು ಗೊಬ್ಬರ ನೀಡುವುದನ್ನು ಕೂಡಲೇ ನಿಲ್ಲಿಸತಕ್ಕದ್ದು.
2. ಹೊಸ ನೀರನ್ನು ಎತ್ತರದಿಂದ ಬೀಳುವಂತೆ ಹಾಯಿಸುವುದು ಅಥವಾ ಗಾಳಿಯಾಡಿಸುವ ಯಂತ್ರವನ್ನು ಬಳಸುವುದು.
3. ನಿಗದಿತ ಪ್ರಮಾಣಕ್ಕಿಂತ ಹೆಚ್ಚು ಮರಿಗಳನ್ನು ಬಿತ್ತನೆ ಮಾಡಬಾರದು.
4. ಮೀನುಮರಿಗಳನ್ನು ಆಮ್ಲಜನಕ ತುಂಬಿದ ಪಾಲಿಥೀನ್ ಚೀಲಗಳಲ್ಲಿ, ತಂಪು ವೇಳೆಯಲ್ಲಿ ಸಾಗಿಸುವುದು. ಚೀಲವನ್ನು ಸುಮಾರು 15 ನಿಮಿಷ ಕೆರೆಯ ನೀರಿನಲ್ಲಿ ತೇಲಿಬಿಟ್ಟು, ಉಷ್ಣಾಂಶ ಹೊಂದಿಕೊಂಡ ನಂತರವೇ ಮರಿಗಳನ್ನು ಬಿಡುವುದು.

ಮೀನುಮರಿ ಪೂರೈಕೆ, ತರಬೇತಿ ಹಾಗೂ ಅರ್ಜಿ ಸಲ್ಲಿಸುವ ವಿಧಾನದ ಬಗ್ಗೆ ಹೆಚ್ಚಿನ ಮಾಹಿತಿಗಾಗಿ ಆಯಾ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.