ಎರಡು ಸಾಲಲ್ಲ, ಪೂರ್ತಿ ಓದಿಸಿ

ನವೆಂಬರ್ 26 ಬಂತು ಅಂದ್ರೆ ಶಾಲೆಗಳಲ್ಲಿ ಅಂಬೇಡ್ಕರ್ ಅವರ ಎರಡು ಸಾಲು ಓದಿಸಿ ಚಪ್ಪಾಳೆ ಹೊಡೆಸ್ತಾರೆ. ನಾನು ಕೇಳೋದಿಷ್ಟೇ: ಅದರ ಹಿಂದಿನ ದಿನ, 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರು ಮಾಡಿದ ಭಾಷಣವನ್ನು ಮಕ್ಕಳಿಗೆ ಪೂರ್ತಿ ಓದಿಸಿ.

ಗೈಡ್‌ಗಳಲ್ಲಿ ಸಿಗದ ಅಂಬೇಡ್ಕರ್ ಅಲ್ಲಿದ್ದಾರೆ. ತಮಗೆ ಕೊಡುವ ಶ್ರೇಯಸ್ಸಿನಲ್ಲಿ ಬಿ.ಎನ್. ರಾವ್ ಅವರಿಗೂ (ನಮ್ಮ ಮಂಗಳೂರಿನಲ್ಲಿ ಹುಟ್ಟಿದವರು), ಎಸ್.ಎನ್. ಮುಖರ್ಜಿ ಅವರಿಗೂ ಪಾಲಿದೆ ಅಂದಿದ್ದಾರೆ. ರಾಜಕೀಯದಲ್ಲಿ ವ್ಯಕ್ತಿಪೂಜೆ ಸರ್ವಾಧಿಕಾರಕ್ಕೆ ದಾರಿ ಅಂತ ಎಚ್ಚರಿಸಿದ್ದಾರೆ. ಯಾವ ಪಕ್ಷದ ಬ್ಯಾನರ್‌ನಲ್ಲಾದರೂ ಈ ಮಾತು ನೋಡಿದ್ದೀರಾ?

ಇನ್ನೊಂದು ಮಾತು ಮೇಷ್ಟ್ರಿಗೇ ಕಷ್ಟ. ಸಂವಿಧಾನದ ದಾರಿ ತೆರೆದಿರುವಾಗ ಸತ್ಯಾಗ್ರಹ, ಅಸಹಕಾರ ಬಿಡಬೇಕು ಅಂದರು ಅಂಬೇಡ್ಕರ್. ಆಗ ಹಿಂದಿನ ಬೆಂಚಿನ ಹುಡುಗಿ ಕೇಳಬಹುದು: "ಸಾರ್, 1927ರಲ್ಲಿ ಮಹಾಡದ ಕೆರೆ ನೀರಿಗೆ ಅವರೇ ಸತ್ಯಾಗ್ರಹ ಮಾಡಿದ್ರಲ್ವಾ?" ಕೇಳಲಿ, ಬಾಯಿ ಮುಚ್ಚಿಸಬೇಡಿ. ಆ ಕೆರೆ ಎಲ್ಲರಿಗೂ ಮುಕ್ತ ಅಂತ ಅಲ್ಲಿನ ಪುರಸಭೆ ಮೊದಲೇ ನಿರ್ಣಯ ಮಾಡಿತ್ತು. ಕಾಗದದಲ್ಲಿ ಹಕ್ಕಿತ್ತು, ದಲಿತರು ನೀರು ಮುಟ್ಟಿದ್ದಕ್ಕೆ ಮಾತ್ರ ಏಟು ಬಿತ್ತು. ಹಾಗಾದರೆ ದಾರಿ "ತೆರೆದಿದೆ" ಅಂತ ಹೇಳೋದು ಯಾವಾಗ? ಈ ಪ್ರಶ್ನೆಗೆ ಒಂದು ಪೀರಿಯಡ್ ಸಾಲದಿದ್ದರೆ ಪಿಟಿ ಪೀರಿಯಡ್ಡೂ ತಗೊಳ್ಳಿ.